ಡಾಕ್ಟ್ರಮ್ಮನ ನೆನಪಿಗೆ ಏನು ಮಾಡೋಣ?

ಪ್ರಶ್ನೆ: ನಮ್ಮ ಪೇಟೆಯಲ್ಲಿ ಬಹುಕಾಲ ಚಿಕಿತ್ಸಾಲಯ ನಡೆಸುತ್ತಿದ್ದ ವೈದ್ಯೆಯೊಬ್ಬರು ಕಳೆದ ವರ್ಷ ಕ್ಯಾನ್ಸರಿನಿಂದ ತೀರಿಕೊಂಡರು. ಬೀಡಿ ಕಟ್ಟುವ ಹೆಂಗಸರಲ್ಲಿ ಅವರು ಹಣ ಕೇಳಿದವರಲ್ಲ. ಓದಲು ಬಾರದ ಅಜ್ಜಿಯರಿಗೆ ಮಾತ್ರೆಯ ಪೊಟ್ಟಣದ ಮೇಲೆ ಬೆಳಗ್ಗಿನದಕ್ಕೆ ಸೂರ್ಯ, ರಾತ್ರಿಯದಕ್ಕೆ ಚಂದ್ರನ ಚಿತ್ರ ಬರೆದುಕೊಡುತ್ತಿದ್ದರು. ಕಿಮೋಥೆರಪಿ ನಡೆಯುತ್ತಿದ್ದಾಗಲೂ ತಲೆಗೆ ಬಟ್ಟೆ ಕಟ್ಟಿಕೊಂಡು ಸಂಜೆ ಹೊತ್ತು ರೋಗಿಗಳನ್ನು ನೋಡಿದರು. ಪ್ರಥಮ ಪುಣ್ಯತಿಥಿಗೆ ಕೆಲವರು ವೃತ್ತದಲ್ಲಿ ಪುತ್ಥಳಿ ಆಗಲಿ ಎನ್ನುತ್ತಾರೆ, ಕೆಲವರು ರಕ್ತದಾನ ಶಿಬಿರ ಸಾಕು ಎನ್ನುತ್ತಾರೆ. ತಮ್ಮ ಅಭಿಪ್ರಾಯವೇನು?
– ಓದುಗರೊಬ್ಬರು, ಕಾಪು ತಾಲೂಕು

ಉತ್ತರ: ಪುತ್ಥಳಿಯ ಮಾತನ್ನು ಬದಿಗಿಡಿ. ಅದಕ್ಕೆ ಅನುಮತಿ ಸಿಗುವಷ್ಟರಲ್ಲಿ ಉತ್ಸಾಹ ಇಳಿದಿರುತ್ತದೆ. ಆಮೇಲೆ ಅದನ್ನು ತೊಳೆಯುವವರು ಯಾರು ಎಂಬುದೂ ನಮಗೆಲ್ಲ ಗೊತ್ತಿರುವ ವಿಷಯವೇ. ನಿಮ್ಮ ಪತ್ರದಲ್ಲೇ ಇದಕ್ಕಿಂತ ಒಳ್ಳೆಯ ಸ್ಮಾರಕವಿದೆ. ಆ ಸೂರ್ಯ ಚಂದ್ರರ ಮುದ್ರೆ ಹಾಕಿದ ಕಾಗದದ ಪೊಟ್ಟಣಗಳನ್ನು ಮಾಡಿಸಿ, ಊರಿನ ಔಷಧ ಅಂಗಡಿಗಳಿಗೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ವರ್ಷವಿಡೀ ಒದಗಿಸಿದರೆ, ಅವರ ಕೈಬರಹ ಇನ್ನಷ್ಟು ಅಜ್ಜಿಯರ ಮನೆ ತಲುಪುತ್ತದೆ.

ಬ್ರಿಟನ್ನಿನಲ್ಲಿ ವೃದ್ಧರ ಚಿಕಿತ್ಸೆಯಲ್ಲಿ ತೊಡಗಿದ್ದ ಡಾ. ಕೇಟ್ ಗ್ರೇಂಜರ್ ಅವರಿಗೆ 2011ರಲ್ಲಿ, 29ರ ಹರೆಯದಲ್ಲಿ, ಅಪರೂಪದ ಕ್ಯಾನ್ಸರ್ ಇರುವುದು ಗೊತ್ತಾಯಿತು. 2013ರಲ್ಲಿ ಸೋಂಕು ತಗಲಿ ಆಸ್ಪತ್ರೆಯಲ್ಲಿ ಮಲಗಿದ್ದಾಗ, ತಮ್ಮನ್ನು ನೋಡಲು ಬರುವ ಎಷ್ಟೋ ಮಂದಿ ತಮ್ಮ ಹೆಸರನ್ನೂ ಹೇಳುವುದಿಲ್ಲ ಎಂಬುದನ್ನು ಅವರು ಗಮನಿಸಿದರು. ರೋಗಿಯ ಬಳಿ ಹೋದವರು ಮೊದಲು ‘ನಮಸ್ಕಾರ, ನನ್ನ ಹೆಸರು ಇಂಥದ್ದು’ ಎಂದು ಹೇಳಿಕೊಳ್ಳಬೇಕೆಂಬ ಆಂದೋಲನವನ್ನು ಪತಿಯ ಜೊತೆ ಸೇರಿ ಆರಂಭಿಸಿದ್ದು ಆ ಬಳಿಕ. 2016ರ ಜುಲೈಯಲ್ಲಿ, 34ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಅವರು ಹಾಕಿಕೊಟ್ಟ ರೂಢಿಯನ್ನು ಆ ದೇಶದ ಆಸ್ಪತ್ರೆಗಳ ಸಿಬ್ಬಂದಿ ಪಾಲಿಸುತ್ತಲೇ ಇದ್ದಾರೆ. ನಿಮ್ಮ ಡಾಕ್ಟ್ರಮ್ಮ ಮಾಡುತ್ತಿದ್ದ ಕೆಲಸವನ್ನು ಮುಂದುವರಿಸುವವರು ಇರುವವರೆಗೆ ಬೇರೆ ಸ್ಮಾರಕದ ಅಗತ್ಯ ನನಗಂತೂ ಕಾಣುವುದಿಲ್ಲ.

ರಕ್ತದಾನ ಬೇಡವೆಂದಲ್ಲ. ಆದರೆ ಕಿಮೋಥೆರಪಿಯಲ್ಲಿರುವವರಿಗೆ ಆಗಾಗ ಬೇಕಾಗುವ ಪ್ಲೇಟ್‌ಲೆಟ್‌ಗಳನ್ನು ಸುಮಾರು 5 ದಿನಕ್ಕಿಂತ ಹೆಚ್ಚು ಕಾಲ ಇಟ್ಟುಕೊಳ್ಳಲು ಬರುವುದಿಲ್ಲವಾದ್ದರಿಂದ, ಪುಣ್ಯತಿಥಿಯ ಒಂದೇ ದಿನ ನೂರು ಜನ ಸಾಲುಗಟ್ಟಿ ನಿಂತರೆ ಮುಂದಿನ ತಿಂಗಳ ರೋಗಿಗೆ ಅದರಿಂದ ಉಪಯೋಗವಾಗದು. ದಾನಿಗಳ ಹೆಸರು, ರಕ್ತದ ಗುಂಪು ಬರೆದಿಟ್ಟುಕೊಂಡು, ರಕ್ತನಿಧಿಯವರನ್ನು ವಿಚಾರಿಸಿ, ವರ್ಷದ ಎಲ್ಲ ತಿಂಗಳಿಗೂ ಹಂಚಿಕೊಳ್ಳಿ. ಒಮ್ಮೆ ರಕ್ತ ಕೊಟ್ಟ ಮೇಲೆ ಗಂಡಸರು 3 ತಿಂಗಳು, ಹೆಂಗಸರು 4 ತಿಂಗಳು ಕಾಯಬೇಕೆಂಬುದೂ ಲೆಕ್ಕದಲ್ಲಿರಲಿ.

ಹಣ ಉಳಿದರೆ ದತ್ತಿನಿಧಿಯಾಗಿ ಇಟ್ಟು, ಅಸಲನ್ನು ಮುಟ್ಟದೆ, ಬಡ್ಡಿಯನ್ನು ರೋಗಿಗಳ ಬಸ್ಸಿನ ಖರ್ಚಿಗೂ ಊಟಕ್ಕೂ ಕೊಡಿ. ವಿಕಿರಣ ಚಿಕಿತ್ಸೆಗೆ ಸಾಮಾನ್ಯವಾಗಿ ವಾರಕ್ಕೆ 5 ದಿನದಂತೆ ಹಲವು ವಾರ ಹೋಗಬೇಕಾಗುತ್ತದೆ. ಸರಕಾರದ ಯೋಜನೆಯಲ್ಲಿ ಚಿಕಿತ್ಸೆ ಉಚಿತವಾಗಿ ಸಿಕ್ಕಿದರೂ, ಜೊತೆಗೆ ಬರುವ ಮಗಳು ಅಷ್ಟು ದಿನದ ಸಂಬಳ ಬಿಟ್ಟು ಮಣಿಪಾಲಕ್ಕೋ ಮಂಗಳೂರಿಗೋ ಓಡಾಡುವ ಖರ್ಚು ಮನೆಯವರ ಮೇಲೆಯೇ ಬೀಳುತ್ತದೆ. ದೊಡ್ಡ ದಾನಿಗಳಿಗಾಗಿ ಕಾಯುತ್ತಾ ಕೂರಬೇಡಿ. ದಿನಕ್ಕೆ ಎರಡಾಣೆಯ ಪಿಗ್ಮಿ ಉಳಿತಾಯ 1928ರಲ್ಲಿ ಆರಂಭವಾದದ್ದು ನಮ್ಮ ಉಡುಪಿಯಲ್ಲೇ ಹುಟ್ಟಿದ ಬ್ಯಾಂಕಿನಲ್ಲಿ. ಆ ಬ್ಯಾಂಕ್ ಕಟ್ಟಿದವರಲ್ಲೊಬ್ಬರಾದ ಡಾ. ಟಿ.ಎಂ.ಎ. ಪೈ ಅವರೂ ವೈದ್ಯರೇ ಆಗಿದ್ದರು.

ಪ್ರಶ್ನೆ: ನಮ್ಮ ಕುಟುಂಬದ ವೈದ್ಯರು ತೀರಿಕೊಂಡಾಗ ಮನೆಯವರು ಪತ್ರಿಕೆಗೆ ‘ಅಲ್ಪಕಾಲದ ಅಸೌಖ್ಯ’ ಎಂದು ಕೊಟ್ಟಿದ್ದರು. ಕ್ಯಾನ್ಸರ್ ಇತ್ತೆಂಬುದು ಹಲವರಿಗೆ ಗೊತ್ತು. ನುಡಿನಮನದಲ್ಲಿ ನಾನು ಮಾತನಾಡಬೇಕಾಗಿದೆ. ಕಾಯಿಲೆಯ ಹೆಸರು ಹೇಳಬಹುದೇ?
– ಓದುಗರೊಬ್ಬರು, ಮಂಗಳೂರು

ಉತ್ತರ: ಅವರ ಪತ್ನಿಯನ್ನೋ ಮಕ್ಕಳನ್ನೋ ಮುಂಚಿತವಾಗಿ ಕೇಳಿ. ಬೇಡವೆಂದರೆ ಬೇಡ, ಊರಿಗೆಲ್ಲ ಗೊತ್ತಿದ್ದರೂ ವೇದಿಕೆಯಿಂದ ಹೇಳುವ ಅಧಿಕಾರ ನಿಮಗಿಲ್ಲ. ಒಪ್ಪಿದರೆ ಒಂದೇ ವಾಕ್ಯದಲ್ಲಿ ನೇರವಾಗಿ ಹೇಳಿ, ಮುಂದೆ ಅವರ ಕೆಲಸದ ಕುರಿತು ಮಾತನಾಡಿ. ‘ಎಷ್ಟೋ ಜನರನ್ನು ಉಳಿಸಿದವರಿಗೇ ಹೀಗಾಯಿತಲ್ಲ, ಇನ್ನು ನಮ್ಮ ಗತಿಯೇನು’ ಎಂಬ ಮಾತು ಇಂತಹ ಸಭೆಗಳಲ್ಲಿ ಬಾಯಿಗೆ ಬಂದೇ ಬರುತ್ತದೆ. ದಯವಿಟ್ಟು ಅದನ್ನು ಬಿಡಿ, ಏಕೆಂದರೆ ಅವರ ರೋಗಿಗಳೇ ತುಂಬಿರುವ ಸಭಾಂಗಣದಲ್ಲಿ ಅದೇ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿರುವವರೂ ಕುಳಿತಿರಬಹುದು.