ಬೆಟ್ಟ ಪಶ್ಚಿಮಕ್ಕೆ, ಬಿಸಿಲು ದಕ್ಷಿಣಕ್ಕೆ

ಬೆಟ್ಟ ಕಾಣುವುದು ಪಶ್ಚಿಮಕ್ಕೆ, ಚಳಿಗಾಲದ ಬಿಸಿಲು ಬರುವುದು ದಕ್ಷಿಣದಿಂದ, ಹಾಲ್‌ನ ದೊಡ್ಡ ಗಾಜು ಯಾವ ಕಡೆ ಇಡಲಿ ಅಂತ ಕೇಳಿದ್ದೀರಿ. ದಕ್ಷಿಣಕ್ಕೇ ಇಡಿ. ಮನೆ ಬೆಚ್ಚಗಾಗಲು ಗಾಜು ಅಗಲ ಇರಬೇಕು. ಬೆಟ್ಟ ನೋಡಲು ಅಷ್ಟು ಬೇಕಿಲ್ಲ, ಕೂರುವ ಜಾಗ ಸರಿ ಇದ್ದರೆ ಸಾಕು.

ನಾನು ಉಲ್ಟಾ ಮಾಡಿದವನು. ಪಶ್ಚಿಮಕ್ಕೆ ಹತ್ತಡಿ ಗಾಜು ಹಾಕಿಸಿದೆ. ಬೇಸಿಗೆಯಲ್ಲಿ ಮೂರು ಗಂಟೆ ಆಯ್ತು ಅಂದರೆ ಪರದೆ ಎಳೆಯಲೇಬೇಕು. ಬೆಟ್ಟ ಚೆಂದ ಕಾಣುವ ಹೊತ್ತಿಗೆ ನಾವು ನೋಡುತ್ತಿರುವುದು ಪರದೆಯನ್ನೇ! ಸೋಫಾದ ಒಂದು ಕೈ ಬಣ್ಣ ಹೋಗಿ ಬೆಳ್ಳಗಾಗಿದೆ, ಇನ್ನೊಂದು ಹೊಸದರಂತೆ ಇದೆ. ಪರದೆಯಿಂದ ಸೆಖೆಯೂ ಅಷ್ಟಾಗಿ ತಗ್ಗುವುದಿಲ್ಲ, ಗಾಜು ದಾಟಿದ ಬಿಸಿಲು ಒಳಗೆ ಬಂದಂತೆಯೇ ಅಲ್ವಾ.

ನಿಮ್ಮ ಜಾಗ 40 ಡಿಗ್ರಿ ಉತ್ತರ ಅಕ್ಷಾಂಶ ಅಂದಿರಿ. ಅಲ್ಲಿ ಜೂನ್ 21ರ ನಡುಮಧ್ಯಾಹ್ನ ಸೂರ್ಯ ಸುಮಾರು 73 ಡಿಗ್ರಿ ಎತ್ತರದಲ್ಲಿರುತ್ತಾನೆ, ಡಿಸೆಂಬರ್ 21ಕ್ಕೆ 26-27 ಅಷ್ಟೇ. ದಕ್ಷಿಣದ ಗೋಡೆಗೆ ಎರಡಡಿ ಸಜ್ಜಾ ಕೊಟ್ಟರೆ ಆ ಹೊತ್ತಿಗೆ ಜೂನ್‌ನಲ್ಲಿ ನೆರಳು ಆರಡಿಗಿಂತ ಜಾಸ್ತಿ ಕೆಳಗಿಳಿಯುತ್ತದೆ, ಡಿಸೆಂಬರ್‌ನಲ್ಲಿ ಒಂದೇ ಅಡಿ. ಸಜ್ಜಾ ಗಾಜಿನ ಮೇಲಂಚಿಗಿಂತ ಒಂದಡಿ ಮೇಲಿರಲಿ. ಆಗ ಚಳಿಗಾಲದ ಮಧ್ಯಾಹ್ನದ ಬಿಸಿಲು ಪೂರ್ತಿ ಒಳಗೆ ಬರುತ್ತದೆ. ಬಿಸಿಲು ಬೀಳುವ ಕಡೆ ಕಲ್ಲಿನ ಅಥವಾ ನಾಲ್ಕಿಂಚಿನ ಕಾಂಕ್ರೀಟ್ ನೆಲ ಇರಲಿ, ಕಾರ್ಪೆಟ್ ಹಾಸಬೇಡಿ. ಹಗಲಿನ ಬಿಸಿ ಹಿಡಿದಿಟ್ಟು ರಾತ್ರಿ ಬಿಡುವುದು ಆ ನೆಲವೇ.

ಪಶ್ಚಿಮದಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಸಂಜೆ ಸೂರ್ಯ ಕೆಳಗಿಳಿದು ನೇರ ಮುಖಕ್ಕೇ ಹೊಡೆಯುತ್ತಾನೆ, ಎಷ್ಟು ಉದ್ದದ ಸಜ್ಜಾ ಇದ್ದರೂ ಅದರ ಕೆಳಗಿಂದ ನುಗ್ಗುತ್ತಾನೆ. ಹೊರಗಡೆಯಿಂದ ಇಳಿಬಿಡುವ ಪರದೆ ಅಥವಾ ಚಳಿಗಾಲಕ್ಕೆ ಎಲೆ ಉದುರಿಸುವ ಮರ, ಇವೆರಡೇ ನನಗೆ ಕೆಲಸಕ್ಕೆ ಬಂದದ್ದು. ಮರವನ್ನು ಸ್ವಲ್ಪ ಪಕ್ಕಕ್ಕೆ ನೆಡಿ, ಇಲ್ಲದಿದ್ದರೆ ಬೆಟ್ಟವೇ ಮರೆಯಾಗುತ್ತದೆ.

ಮನೆಯನ್ನು ಸ್ವಲ್ಪ ಪಶ್ಚಿಮಕ್ಕೆ ತಿರುಗಿಸಬಹುದಾ ಅಂತಲೂ ಕೇಳಿದ್ದೀರಿ. 15 ಡಿಗ್ರಿವರೆಗೆ ಚಳಿಗಾಲದ ಬಿಸಿಲಿಗೆ ದೊಡ್ಡ ನಷ್ಟ ಇಲ್ಲ. ಅದಕ್ಕಿಂತ ಜಾಸ್ತಿ ಬೇಡ, ಬೇಸಿಗೆ ಸಂಜೆಯ ಸೆಖೆ ಏರುತ್ತದೆ. ಸುಮ್ನೆ ದಿಕ್ಸೂಚಿ ನೋಡಿ ಗುರುತು ಹಾಕಬೇಡಿ, ಅದು ತೋರಿಸುವುದು ಕಾಂತೀಯ ಉತ್ತರ. ನಡುಮಧ್ಯಾಹ್ನ ಒಂದು ಕೋಲು ನೆಟ್ಟಗೆ ನಿಲ್ಲಿಸಿ. ಅದರ ನೆರಳು ಅತಿ ಚಿಕ್ಕದಾದಾಗ ಬೀಳುವ ಗೆರೆಯೇ ನಿಜವಾದ ಉತ್ತರ-ದಕ್ಷಿಣ.

ಇನ್ನು ಬೆಟ್ಟಕ್ಕೆ ನಾಲ್ಕಡಿ ಅಗಲದ ಒಂದೇ ಕಿಟಕಿ, ಜೋಡಿ ಗಾಜಿನದು, ತೆರೆಯದಂಥದ್ದು. ಊಟದ ಮೇಜಿನ ಪಕ್ಕ ಇಟ್ಟರೆ ದಿನಾ ನೋಡುತ್ತೀರಿ. ಕೂತಾಗ ಕಣ್ಣು ನೆಲದಿಂದ ಸುಮಾರು ನಾಲ್ಕಡಿ ಎತ್ತರದಲ್ಲಿರುತ್ತದೆ. ಗೋಡೆ ಏಳುವ ಮೊದಲೇ ಸೈಟಿನಲ್ಲಿ ಕುರ್ಚಿ ಹಾಕಿ ಕೂತುಕೊಳ್ಳಿ. ದೊಡ್ಡ ರಟ್ಟಿನಲ್ಲಿ ಕಿಟಕಿಯಷ್ಟು ತೂತು ಕತ್ತರಿಸಿ, ಕಿಟಕಿ ಬರುವ ಜಾಗದಲ್ಲಿ ಯಾರಾದರೂ ಹಿಡಿದುಕೊಳ್ಳಲಿ. ಮೇಲೆ, ಕೆಳಗೆ, ಪಕ್ಕಕ್ಕೆ ಸರಿಸಿ ನೋಡಿ, ಬೆಟ್ಟದ ತುದಿ ಸರಿಯಾಗಿ ಕೂತ ಕಡೆ ಗೂಟ ಹೊಡೆಯಿರಿ.