ಬಿಷಪ್ಪರ ಬೆಳ್ಳಿಗೆ ಪೇಟೆಯವರ ವಟ್ಟ

ಪ್ರಶ್ನೆ: ಜರ್ಮನಿಯ ವಸ್ತುಸಂಗ್ರಹಾಲಯವೊಂದರಲ್ಲಿ ಕಾಗದದಷ್ಟು ತೆಳ್ಳಗಿನ ಬೆಳ್ಳಿ ಬಿಲ್ಲೆಗಳನ್ನು ಕಂಡೆ. ಮುಂದೆ ಉಬ್ಬು ಚಿತ್ರ, ಹಿಂದೆ ಅದರದೇ ಕುಳಿ. ‘ಆರ್ಚ್‌ಬಿಷಪ್ ವಿಖ್‌ಮಾನ್, ಮಾಗ್ಡೆಬುರ್ಗ್’ ಎಂದು ಬರೆದಿತ್ತು. ಇವು ಚಲಾವಣೆಯ ಹಣವೋ, ಚರ್ಚಿನ ಪದಕವೋ? ಧರ್ಮಗುರುವಿಗೆ ಟಂಕಸಾಲೆ ಯಾಕೆ?

ಉತ್ತರ: ಅಪ್ಪಟ ಹಣ. ಸಂತೆಯಲ್ಲಿ ಕೈಬದಲಾಗುತ್ತಿದ್ದ ಫೆನಿಗ್ ಎಂಬ ಬೆಳ್ಳಿ ನಾಣ್ಯಗಳಿವು. ನಾಣ್ಯ ಸಂಗ್ರಾಹಕರು ಬ್ರ್ಯಾಕ್ಟಿಯೇಟ್ ಎನ್ನುತ್ತಾರೆ. ತೂಕ ಸಾಮಾನ್ಯವಾಗಿ ಒಂದು ಗ್ರಾಂಗಿಂತ ಕಡಿಮೆ. ತೆಳು ತಗಡನ್ನು ಮೆತ್ತನೆಯ ಆಸರೆಯ ಮೇಲಿಟ್ಟು ಒಂದೇ ಅಚ್ಚಿನಿಂದ ಹೊಡೆಯುತ್ತಿದ್ದರು. ಹಿಂಬದಿಯ ಕುಳಿ ಆದದ್ದು ಹಾಗೆ.

ಟಂಕಸಾಲೆಯ ಹಕ್ಕು ಬಂದದ್ದು ಅರಸರಿಂದ. 10ನೇ ಶತಮಾನದಲ್ಲಿ ಜರ್ಮನಿಯನ್ನಾಳಿದ ಒಟ್ಟೋ ವಂಶದ ದೊರೆಗಳು ಸಂತೆ, ಸುಂಕ, ನಾಣ್ಯ ಮೂರನ್ನೂ ಬಿಷಪ್ಪರಿಗೆ ಧಾರಾಳವಾಗಿ ಬಿಟ್ಟುಕೊಟ್ಟರು. ಬಿಷಪ್ಪನಿಗೆ ಪಟ್ಟಕ್ಕೆ ವಾರಸುದಾರ ಮಗನಿಲ್ಲ. ಅವನು ತೀರಿಕೊಂಡರೆ ಮುಂದಿನವನ ಆಯ್ಕೆಯಲ್ಲಿ ಅರಸನ ಮಾತು ನಡೆಯುತ್ತಿತ್ತು. ಸಾಮಂತರನ್ನು ನಂಬುವುದಕ್ಕಿಂತ ಇದು ವಾಸಿ. ಹೀಗೆ ಬಿಷಪ್ಪ ಕೋಲು ಹಿಡಿದ ಗುರುವೂ ಹೌದು, ನಾಡನ್ನಾಳುವ ಪ್ರಭುವೂ ಹೌದು. ಮಾಗ್ಡೆಬುರ್ಗ್ ಆರ್ಚ್‌ಬಿಷಪ್ ಪೀಠವಾದದ್ದು 968ರಲ್ಲಿ.

ನನ್ನ ಮಟ್ಟಿಗೆ ಈ ನಾಣ್ಯಗಳ ಅಸಲು ಕಥೆ ತೆರಿಗೆಯದು. ವಿಖ್‌ಮಾನ್ (1152–1192) ಆಳ್ವಿಕೆಯಲ್ಲಿ ವರ್ಷಕ್ಕೆ ಎರಡು ಸಲ ಹಳೆಯ ಫೆನಿಗ್‌ಗಳನ್ನು ರದ್ದುಮಾಡುತ್ತಿದ್ದರು. 12 ಹಳೆಯದಕ್ಕೆ 9 ಹೊಸದು, ಅಂದರೆ ನೂರಕ್ಕೆ 25 ವಟ್ಟ (ವಿನಿಮಯದ ಕಡಿತ)! ಎರಡು ಸರದಿಯಲ್ಲೂ ಹಣ ಗಂಟಿನಲ್ಲೇ ಉಳಿದರೆ 12 ಕರಗಿ ಏಳರೊಳಗೆ ಬರುತ್ತಿತ್ತು. ಕೂಡಿಡುವ ಜಾಣನಿಗೇ ಹೊಡೆತ. ಬೇಗ ಖರ್ಚು ಮಾಡಿದವನು ಪಾರು.

ಮತ್ತೆ ಕರಗಿಸುವ ಹಣಕ್ಕೆ ಬಾಳಿಕೆ ಯಾತಕ್ಕೆ? ತೆಳು ತಗಡು, ಒಂದೇ ಅಚ್ಚು, ಬೇಗ ಮುಗಿಯುವ ಕೆಲಸ. ಹಳೆಯದು ಹೊಸದು ಕಣ್ಣಿಗೇ ತಿಳಿಯಬೇಕಾದ್ದರಿಂದ ಚಿತ್ರವನ್ನೂ ಬದಲಿಸುತ್ತಿರಬೇಕಿತ್ತು: ಒಮ್ಮೆ ಕೂತ ಬಿಷಪ್ಪ, ಇನ್ನೊಮ್ಮೆ ಧ್ವಜ ಹಿಡಿದು ನಿಂತ ಊರಿನ ರಕ್ಷಕ ಸಂತ ಮಾರಿಸ್. ನೀವು ಮೆಚ್ಚಿದ ಆ ಕುಸುರಿಗೆ ಸುಲಿಗೆಯದೂ ಒಂದು ಪಾಲಿದೆ.

ವರ್ತಕರು ಸುಮ್ಮನಿರಲಿಲ್ಲ. ಹಲವು ಊರುಗಳು ಆಳುವವರಿಗೆ ಇಡುಗಂಟು ಕೊಟ್ಟು, ರದ್ದಾಗದ ‘ಶಾಶ್ವತ ಫೆನಿಗ್’ ಹೊಡೆಯುವ ಹಕ್ಕನ್ನು ಕೊಂಡವು. ಉತ್ತರ ಜರ್ಮನಿಯ ಲ್ಯೂನೆಬುರ್ಗ್ ಪಟ್ಟಣ 1293ರಲ್ಲಿ ಹೀಗೆ ಬಿಡಿಸಿಕೊಂಡಿತು. ಅಲ್ಲಿ ಹಕ್ಕು ಮಾರಿದವರು ಬಿಷಪ್ಪರಲ್ಲ, ಡ್ಯೂಕರು. 1300ರಿಂದ ಬೊಹೀಮಿಯಾದಲ್ಲಿ (ಇಂದಿನ ಚೆಕ್ ನಾಡು) ಎರಡು ಮುಖದ, ದಪ್ಪನೆಯ ಬೆಳ್ಳಿ ನಾಣ್ಯ ಪ್ರಾಗ್ ಗ್ರೋಶನ್ ಬಂದ ಮೇಲೆ ದೊಡ್ಡ ವ್ಯಾಪಾರ ಅದರತ್ತ ವಾಲಿತು. ತಗಡಿನ ಫೆನಿಗ್ ಚಿಲ್ಲರೆಯಾಗಿ ಉಳಿಯಿತು.