ದಿನಕ್ಕೆ ಎಷ್ಟು ಕ್ಯಾಲರಿ ಕಡಿಮೆ ಮಾಡಬಹುದು? ಮುದ್ದೆ ಬಿಡಬೇಕಾ?

ನೀವು ಕೇಳಿರುವುದು ಇಷ್ಟು: ಹಾಸನದಲ್ಲಿ ಕೂತು ಮಾಡುವ ಆಫೀಸು ಕೆಲಸ, ಹೆಂಗಸು, ವಯಸ್ಸು 34, ಎತ್ತರ 158 ಸೆಂ.ಮೀ., ತೂಕ 74 ಕೆ.ಜಿ. ಎರಡು ತಿಂಗಳಲ್ಲಿ ತಮ್ಮನ ಮದುವೆ, ಅಷ್ಟರೊಳಗೆ 10 ಕೆ.ಜಿ. ಇಳಿಯಬೇಕು. ಮೊಬೈಲಿನ ಆ್ಯಪ್ ದಿನಕ್ಕೆ 1000 ಕ್ಯಾಲರಿ ಸಾಕು ಅನ್ನುತ್ತಿದೆ, ಮನೆಯವರು ಮುದ್ದೆ ಬಿಡು ಅನ್ನುತ್ತಿದ್ದಾರೆ.

ಎರಡಕ್ಕೂ ಬೇಡ ಅನ್ನುತ್ತೇನೆ. ಒಂದು ಕೆ.ಜಿ. ದೇಹದ ಕೊಬ್ಬಿನಲ್ಲಿ ಸುಮಾರು 7700 ಕ್ಯಾಲರಿ ಇರುತ್ತದೆ. 10 ಕೆ.ಜಿ.ಗೆ 77,000. ಅರವತ್ತು ದಿನಕ್ಕೆ ಹಂಚಿದರೆ ದಿನಕ್ಕೆ 1280ರಷ್ಟು ಕೊರತೆ ಬೇಕು. ನಿಮ್ಮ ದೇಹ ಇಡೀ ದಿನಕ್ಕೆ ಖರ್ಚು ಮಾಡುವುದೇ 1700ರ ಒಳಗೆ. ಮಿಕ್ಕಿದ 400ರಲ್ಲಿ ದಿನ ದೂಡುವುದಕ್ಕೆ ಪಥ್ಯ ಅನ್ನುವುದಿಲ್ಲ, ಉಪವಾಸ ಅನ್ನುತ್ತಾರೆ.

ಆ 1700 ಎಲ್ಲಿಂದ ಬಂತು ಅಂದರೆ, 1990ರ ಮಿಫ್ಲಿನ್-ಸೇಂಟ್ ಜಿಯೋರ್ ಸೂತ್ರದಿಂದ. ತೂಕವನ್ನು 10ರಿಂದ ಗುಣಿಸಿ (740), ಎತ್ತರವನ್ನು 6.25ರಿಂದ ಗುಣಿಸಿ ಕೂಡಿಸಿ (987), ವಯಸ್ಸಿನ ಐದರಷ್ಟು ಕಳೆಯಿರಿ (170). ಹೆಂಗಸಾದರೆ ಇನ್ನೂ 161 ಕಳೆಯಬೇಕು, ಗಂಡಸಾದರೆ 5 ಕೂಡಿಸಬೇಕು. ನಿಮಗೆ 1396 ಬರುತ್ತದೆ. ಸುಮ್ಮನೆ ಮಲಗಿದ್ದರೂ ದೇಹ ಇಷ್ಟನ್ನು ಸುಡುತ್ತದೆ. ಕೂತು ಮಾಡುವ ಕೆಲಸಕ್ಕೆ ಇದನ್ನು 1.2ರಿಂದ ಗುಣಿಸಿದರೆ ಸುಮಾರು 1680. ಆ್ಯಪುಗಳಲ್ಲಿ ಎಡವಟ್ಟಾಗುವುದು ಇಲ್ಲೇ. ವಾಕಿಂಗ್ ಮಾಡುತ್ತೇನೆಂದು 1.2ರ ಬದಲು ಹಗುರ ವ್ಯಾಯಾಮದವರ 1.375 ಆರಿಸಿಕೊಂಡು, ಆಮೇಲೆ ಅದೇ ವಾಕಿಂಗನ್ನು ಮತ್ತೆ ಬೇರೆ ವ್ಯಾಯಾಮವಾಗಿ ಸೇರಿಸಿದರೆ ಒಂದೇ ಖರ್ಚನ್ನು ಎರಡು ಸಲ ಬರೆದಂತೆ. 1.2 ಇಟ್ಟುಕೊಂಡು ನಡಿಗೆಯನ್ನು ಬೇರೆಯಾಗಿ ಹಿಡಿಯಿರಿ.

ಎಲ್ಲರೂ ಹೇಳುವ "ದಿನಕ್ಕೆ 500 ಕಡಿಮೆ ಮಾಡಿ" ದೊಡ್ಡ ಮೈಕಟ್ಟಿನವರಿಗೆ ಸರಿ. ನಿಮಗೆ ಅದು 1180ಕ್ಕೆ ಇಳಿಯುತ್ತದೆ. ವೈದ್ಯರ ಕಣ್ಣಳತೆಯಲ್ಲಿ ಇಲ್ಲದೆ ಹೆಂಗಸರು 1200ಕ್ಕಿಂತ, ಗಂಡಸರು 1500ಕ್ಕಿಂತ ಕೆಳಗೆ ಹೋಗಬಾರದು. ಅದಕ್ಕೇ ಒಟ್ಟು ಖರ್ಚಿನ ಶೇ. 20ನ್ನು ಊಟದಿಂದ ತೆಗೆಯಿರಿ: 1680ರಲ್ಲಿ ಸುಮಾರು 350. ಊಟ 1330ಕ್ಕೆ ನಿಲ್ಲುತ್ತದೆ. ಬಿರುಸಾಗಿ 45 ನಿಮಿಷ ನಡೆದರೆ ನಿಮ್ಮ ತೂಕಕ್ಕೆ ಹೆಚ್ಚುವರಿಯಾಗಿ 140ರಷ್ಟು ಸುಡುತ್ತದೆ. ಸೇರಿಸಿ 490, ವಾರಕ್ಕೆ 400 ಗ್ರಾಂ ಮೇಲೆ. ಮದುವೆ ಹೊತ್ತಿಗೆ 3ರಿಂದ 4 ಕೆ.ಜಿ. ಇಳಿಯುತ್ತದೆ, ಇಷ್ಟೇನಾ ಅಂತ ಮುಖ ಸಣ್ಣ ಮಾಡಿಕೊಳ್ಳಬೇಡಿ. ತೂಕದ ಶೇ. 5 ಇಳಿದರೇ ಸಕ್ಕರೆ, ಬಿಪಿ ಸುಧಾರಿಸತೊಡಗುತ್ತವೆ, ನಿಮಗೆ ಅದು 3.7 ಕೆ.ಜಿ. ಮಿಕ್ಕಿದ್ದನ್ನು ಮದುವೆ ಮುಗಿದ ಮೇಲೆ ಮುಂದುವರಿಸಿ.

ಈಗ ಮುದ್ದೆ. ರಾಗಿ ಹಿಟ್ಟು, ಗೋಧಿ ಹಿಟ್ಟು ಎರಡೂ 100 ಗ್ರಾಮಿಗೆ 320ರ ಆಸುಪಾಸು, ಅಕ್ಕಿ 350. ಮುದ್ದೆ ಬಿಟ್ಟು ಎಣ್ಣೆ ಸವರಿದ ಚಪಾತಿ ಹಿಡಿದರೆ ಲೆಕ್ಕ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಮುದ್ದೆಗೆ ಹನಿ ಎಣ್ಣೆಯೂ ಬೇಡ. 75 ಗ್ರಾಂ ಹಿಟ್ಟಿನ ಮುದ್ದೆ 240 ಕ್ಯಾಲರಿ, ಜೊತೆಗೆ 260 ಮಿ.ಗ್ರಾಂ ಕ್ಯಾಲ್ಸಿಯಂ. ತೂಗುವುದಾದರೆ ಹಿಟ್ಟನ್ನೇ ತೂಗಿ. ತಿರುವಿ ಕಟ್ಟಿದ ಮುದ್ದೆಯಲ್ಲಿ ನೀರು ದಿನಕ್ಕೊಂದು ಥರ ಇರುತ್ತದೆ, ಆ ತೂಕ ನಂಬುವಂಥದ್ದಲ್ಲ.

ನಮ್ಮ ಕಡೆ ಲೆಕ್ಕ ತಪ್ಪಿಸುವುದು ಬೇರೆ ಮೂರು. ಮೊದಲನೆಯದು ಕಾಫಿ. 100 ಮಿ.ಲೀ. ನಂದಿನಿ ನೀಲಿ ಪ್ಯಾಕೆಟ್ ಹಾಲು 58, ಎರಡು ಚಮಚ ಸಕ್ಕರೆ 40. ಬೆಳಗ್ಗೆ ಎರಡು, ಆಫೀಸಿನಲ್ಲಿ ಒಂದು, ಸಂಜೆ ಒಂದು ಅಂದರೆ ಹತ್ತಿರ 400. ನಿಮ್ಮ ಇಡೀ ದಿನದ ಕೊರತೆಯನ್ನು ನಾಲ್ಕು ಲೋಟ ಕುಡಿದು ಮುಗಿಸಿದಂತಾಯಿತು. ಎರಡಕ್ಕೆ ಇಳಿಸಿ, ಸಕ್ಕರೆ ಬಿಡಿ. ಎರಡನೆಯದು ತೆಂಗಿನಕಾಯಿ: 25 ಗ್ರಾಂ ತುರಿಗೆ 90ರ ಮೇಲೆ. ಸಾರಿಗೆ ರುಬ್ಬಿದ್ದು, ಪಲ್ಯದ ಮೇಲೆ ಉದುರಿಸಿದ್ದು, ರೊಟ್ಟಿಗೆ ಕಾಯಿಚಟ್ನಿ, ಎಲ್ಲ ಸೇರಿದರೆ ಎಲ್ಲಿಗೋ ಹೋಗುತ್ತದೆ.

ಮೂರನೆಯದು ಎಣ್ಣೆ. ನಾಲ್ಕು ಜನಕ್ಕೆ ಒಟ್ಟಿಗೆ ಮಾಡುವ ಅಡಿಗೆಯಲ್ಲಿ ನಿಮ್ಮ ಪಾಲನ್ನು ಅಳೆಯಲಾಗುವುದಿಲ್ಲ. ಅದಕ್ಕೆ ಸುಲಭ ದಾರಿ ಇದೆ: ಎಣ್ಣೆ ಪ್ಯಾಕೆಟ್ ಒಡೆದ ದಿನ ಅದರ ಮೇಲೇ ತಾರೀಖು ಬರೆಯಿರಿ. ತಿಂಗಳಿಗೆ 4 ಲೀಟರ್ ಖಾಲಿಯಾದರೆ ತಲೆಗೆ ದಿನಕ್ಕೆ 270 ಕ್ಯಾಲರಿ, 2 ಲೀಟರ್ ಆದರೆ 135. ತುಪ್ಪ, ಬೆಣ್ಣೆ ಇದರ ಮೇಲೆ.

1330 ಅಂದರೆ ತಟ್ಟೆಯಲ್ಲಿ ಎಷ್ಟು? ಎಲ್ಲವೂ ಬೇಯಿಸುವ ಮುಂಚಿನ ತೂಕ: ರಾಗಿ ಹಿಟ್ಟು 75 ಗ್ರಾಂ, ಅಕ್ಕಿ 60, ಹುರುಳಿ 50, ತೊಗರಿಬೇಳೆ 30, ಸೋಯಾ 25, ಮೊಟ್ಟೆ ಎರಡು, ಮೊಸರು 200 ಗ್ರಾಂ, ಸಕ್ಕರೆಯಿಲ್ಲದ ಎರಡು ಕಾಫಿ, ಸೊಪ್ಪು-ತರಕಾರಿ, ಎಣ್ಣೆ-ಕಾಯಿ ಸೇರಿ 90 ಕ್ಯಾಲರಿ. ಇದರಲ್ಲಿ ಪ್ರೋಟೀನು 65 ಗ್ರಾಂ ಮುಟ್ಟುತ್ತದೆ. ಕೋಳಿ ಮಾಡಿದ ದಿನ ಸೋಯಾ ಬಿಡಿ. ಪ್ರೋಟೀನು ಕಡಿಮೆಯಾದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ, ಹಸಿವೂ ಬೇಗ ಕಾಡುತ್ತದೆ. ಬಸ್ಸಾರಿನ ದಿನ ಒಂದು ಗಮನವಿರಲಿ: ಬಸಿದ ಕಟ್ಟು ಸಾರಿಗೆ ಹೋದರೂ ಪ್ರೋಟೀನಿನ ದೊಡ್ಡ ಪಾಲು ಕಾಳಿನಲ್ಲೇ ಉಳಿದಿರುತ್ತದೆ. ಸಾರು ಸುರಿದುಕೊಂಡು ಪಲ್ಯವನ್ನು ನೆಂಚಿಕೊಳ್ಳುವಷ್ಟೇ ಹಾಕಿಕೊಂಡರೆ ಸಾಲದು.

ಸೂತ್ರ ಹೇಳುವ 1680 ಒಂದು ಅಂದಾಜು. ನಿಮ್ಮ ನಿಜವಾದ ಖರ್ಚನ್ನು ಹೇಳುವುದು ತೂಕದ ಯಂತ್ರ, ಅದೂ ಮೂರು-ನಾಲ್ಕು ವಾರವಾದ ಮೇಲೆ. ಬೆಳಗ್ಗೆ ಕಾಫಿಗೆ ಮುಂಚೆ, ಶೌಚ ಮುಗಿಸಿ, ಅದೇ ಯಂತ್ರದ ಮೇಲೆ ನಿಲ್ಲಿ. ಏಳು ದಿನದ ಸರಾಸರಿ ಬರೆದಿಡಿ, ಒಂದು ದಿನದ ಅಂಕಿಗೆ ಬೆಲೆ ಕೊಡಬೇಡಿ. ಹಾಸನಾಂಬೆ ಜಾತ್ರೆಗೆ ಬಂದ ನೆಂಟರ ಜೊತೆ ಹಪ್ಪಳ, ಉಪ್ಪಿನಕಾಯಿ ಸಮೇತ ಉಂಡ ಮಾರನೇ ದಿನ ಒಂದು ಕೆ.ಜಿ. ಏರಿರಬಹುದು, ಅದರಲ್ಲಿ ಹೆಚ್ಚಿನದು ನೀರು. ಮುಟ್ಟಿನ ಮುಂಚಿನ ದಿನಗಳಲ್ಲೂ ಹಾಗೇ, ಆದ್ದರಿಂದ ಈ ತಿಂಗಳ ವಾರವನ್ನು ಹೋದ ತಿಂಗಳ ಅದೇ ವಾರಕ್ಕೆ ಹೋಲಿಸಿ. ಮೊದಲ ವಾರ ಸರ್ರನೆ ಇಳಿಯುವುದೂ ಬಹುಪಾಲು ನೀರೇ.

ಆಮೇಲೆ ವಾರಕ್ಕೆ 300ರಿಂದ 600 ಗ್ರಾಂ ಇಳಿಯುತ್ತಿದ್ದರೆ ಏನೂ ಬದಲಿಸಬೇಡಿ. ಪ್ರತಿ ವಾರ 740 ಗ್ರಾಂ, ಅಂದರೆ ತೂಕದ ಶೇ. 1 ದಾಟುತ್ತಿದ್ದರೆ 100-150 ಕ್ಯಾಲರಿ ಹೆಚ್ಚಿಸಿ. ಅಲ್ಲಾಡದಿದ್ದರೆ ತಕ್ಷಣ ಊಟಕ್ಕೆ ಕೈ ಹಾಕಬೇಡಿ. ಒಂದು ವಾರ ಎಣ್ಣೆ, ಕಾಯಿ, ಸಂಜೆಯ ಕುರುಕಲು ತಿಂಡಿ ಮತ್ತೆ ಅಳೆಯಿರಿ, ಬಹುತೇಕ ಸೋರಿಕೆ ಅಲ್ಲೇ ಸಿಗುತ್ತದೆ. ಅದೂ ಸರಿಯಿದ್ದರೆ ಇನ್ನೊಂದು 100 ತೆಗೆಯಿರಿ, 1200ಕ್ಕಿಂತ ಕೆಳಗೆ ಹೋಗದಂತೆ. ನಾಲ್ಕೈದು ಕೆ.ಜಿ. ಇಳಿದ ಮೇಲೆ ಸೂತ್ರವನ್ನು ಮತ್ತೆ ಹಾಕಿ: ಒಂದೊಂದು ಕೆ.ಜಿ.ಗೂ ಖರ್ಚು ದಿನಕ್ಕೆ 12 ಕ್ಯಾಲರಿ ಇಳಿದಿರುತ್ತದೆ. ಮಳೆಗಾಲದಲ್ಲಿ ನಡಿಗೆ ನಿಂತರೆ, ಸಕಲೇಶಪುರ, ಮೂಡಿಗೆರೆ ಕಡೆಯವರಿಗಂತೂ ಜುಲೈನಲ್ಲಿ ಬೇರೆ ದಾರಿಯೇ ಇಲ್ಲ, ಮನೆಯೊಳಗೇ ಹದಿನೈದು ನಿಮಿಷದಂತೆ ಮೂರು ಸಲ ಮೆಟ್ಟಿಲು ಹತ್ತಿಳಿಯಿರಿ. ಆ 140ನ್ನು ಊಟದಿಂದ ಕೀಳಬೇಡಿ.

ಎದ್ದು ನಿಂತಾಗ ಕಣ್ಣು ಕತ್ತಲೆ ಬರುವುದು, ಮುಟ್ಟು ತಪ್ಪುವುದು, ಸದಾ ಚಳಿ, ಎರಡು-ಮೂರು ತಿಂಗಳ ನಂತರ ಕೂದಲು ಉದುರುವುದು, ಇವು ಕೊರತೆ ಅತಿಯಾಯಿತೆಂಬ ಸೂಚನೆ. ಬಲು ಬೇಗ ತೂಕ ಇಳಿಸಿದರೆ ಪಿತ್ತಕೋಶದಲ್ಲಿ ಕಲ್ಲಾಗುವ ಅಪಾಯವೂ ಇದೆ. ಬಸುರಿ-ಬಾಣಂತಿಯರು, 18 ತುಂಬದವರು ಈ ಲೆಕ್ಕಕ್ಕೆ ಇಳಿಯಲೇಬಾರದು. ಸಕ್ಕರೆಗೆ ಗ್ಲಿಮೆಪಿರೈಡ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ ಊಟ ಇಳಿಸುವ ಮುಂಚೆಯೇ ವೈದ್ಯರಿಗೆ ಹೇಳಿ ಡೋಸ್ ಸರಿಮಾಡಿಸಿಕೊಳ್ಳಿ. ಊಟ ಕಡಿಮೆಯಾಗಿ ಮಾತ್ರೆ ಅಷ್ಟೇ ಇದ್ದರೆ ಸಕ್ಕರೆ ಕುಸಿದು ಬೆವರು, ನಡುಕ, ಪ್ರಜ್ಞೆ ತಪ್ಪುವವರೆಗೂ ಹೋಗಬಹುದು. ನಿಮಗೆ ಸಕ್ಕರೆ, ಥೈರಾಯ್ಡ್ ಇದೆಯೋ ಇಲ್ಲವೋ ನೀವು ಬರೆದಿಲ್ಲ. ಪರೀಕ್ಷೆ ಮಾಡಿಸಿ ವರ್ಷವಾಗಿದ್ದರೆ ಈ ವಾರವೇ ಮಾಡಿಸಿ, ಆಮೇಲೆ ಶುರುಮಾಡಿ.